ಮಾಷ್ ಮನೆಯ ಪೆಟ್ಟಿಗೆ

"ಕೈ ತೆಗೀರಿ ಮಾಷೇ, ನಾನೇ ಆರಿಸ್ತೀನಿ," ಎಂದಳು ಶಹನಾಸ್.

"ಹಚ್ಚಿದವನು ನಾನು. ಆರಿಸೋನೂ ನಾನೇ!" ಶಾಲೆಯಲ್ಲಿ ಮೇಷ್ಟ್ರಾಗಿದ್ದ ಔಸೇಪ್ ಮಾಷ್ ಕಂಪ್ಯೂಟರಿನ ಗುಂಡಿಯ ಮೇಲಿಟ್ಟ ಬೆರಳು ಎತ್ತಲಿಲ್ಲ.

ಯಾರು ಬೇಕಾದರೂ ಪದ ಸೇರಿಸಬಹುದಾದ, ಯಾರಪ್ಪನ ಸೊತ್ತೂ ಅಲ್ಲದ ಮಲಯಾಳಂ ನಿಘಂಟು ಇಷ್ಟು ವರ್ಷ ಊರೂರಿಗೆ ಹೋಗುತ್ತಿದ್ದದ್ದು ಇರಿಂಜಾಲಕುಡದ ಈ ಮನೆಯ ಹಳೇ ಕಂಪ್ಯೂಟರ್ ಪೆಟ್ಟಿಗೆಯಿಂದಲೇ. ಅದಕ್ಕೆ ಕರೆಂಟು ಅಡುಗೆಮನೆಯ ಪ್ಲಗ್ಗಿನಿಂದ. ಮಾಷರ ಹೆಂಡತಿ ತ್ರೇಸ್ಯಾಮ್ಮ ಮಿಕ್ಸಿಗೆಂದು ವೈರು ಕಿತ್ತರೆ ಇಡೀ ಕೇರಳಕ್ಕೆ ನಿಘಂಟಿಲ್ಲ! ಬಾಡಿಗೆಯ ಸರ್ವರಿಗೆ ಸಾಗಿಸೋಣ, ಬೀಗದ ಕೈ ಒಬ್ಬರ ಹತ್ತಿರವೇ ಬೇಡ ಎಂದು ಶಹನಾಸ್, ಜಿಬಿನ್ ಸೇರಿ ನಿಘಂಟಿನ ಕೂಟದವರೆಲ್ಲ ಕೈಯೆತ್ತಿದರು. ಮಾಷ್ ಕೂಡ ಎತ್ತಿದರು. ಆಮೇಲೆ ವಾರವಿಡೀ ಮುಖ ಊದಿಸಿಕೊಂಡು ಕೂತರು.

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳ್ಬಿಡಿ."

"ನಿಮ್ಮ ಮೇಲಿದೆ ಮಾಷೇ. ತ್ರೇಸ್ಯಾ ಚೇಚಿಯ ಮಿಕ್ಸಿ ಮೇಲಿಲ್ಲ," ಎಂದ ಜಿಬಿನ್.

"ಮಿಕ್ಸಿ ಸುದ್ದಿಗೆ ಬಂದ್ರೆ ಪುಟ್ಟು ಸಿಗಲ್ಲ ನೋಡು!" ಅಡುಗೆಮನೆಯಿಂದ ಉತ್ತರ ಬಂತು.

ಮಾಷ್ ಗುಂಡಿ ಒತ್ತಿಯೇಬಿಟ್ಟರು. ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ಸುಮ್ಮನಾಯಿತು.

ಜಿಬಿನ್ ಲ್ಯಾಪ್‌ಟಾಪಿನಲ್ಲಿ, ನಿಘಂಟಿನ ನಕಲು ಮೊದಲೇ ಇಟ್ಟಿದ್ದ ಹೊಸ ಸರ್ವರಿನ ಬಾಗಿಲು ತಟ್ಟಿದ. ನೀವು ನೀವೇ ಹೌದೋ ಎಂದು ತಿಳಿಯಲು ನಿಮ್ಮ ಮೇಲ್‌ಗೆ ಒಂದು ಸಂಖ್ಯೆ ಕಳಿಸಿದ್ದೇವೆ ಎಂದಿತು ಅದು.

"ಯಾರ ಮೇಲ್ ಕೊಟ್ಟಿದ್ದೆ?" ಕೇಳಿದಳು ಶಹನಾಸ್.

"ಕೂಟದ್ದು. ಒಬ್ಬರ ಸ್ವಂತದ್ದೂ ಬೇಡ, ಕಂಪನಿಯವರದ್ದೂ ಬೇಡ ಅಂತ ಭಾಷಣ ಬಿಗಿದವಳು ನೀನೇ ಅಲ್ವಾ?"

"ಕೂಟದ ಮೇಲ್ ಬಂದು ಬೀಳೋದು ಎಲ್ಲಿ?"

ಇಬ್ಬರೂ ಮೆಲ್ಲಗೆ, ಈಗಷ್ಟೇ ಆರಿಸಿದ ಪೆಟ್ಟಿಗೆಯ ಕಡೆ ತಿರುಗಿದರು.

ಮಾಷ್ ತೊಡೆ ತಟ್ಟಿಕೊಂಡು ನಕ್ಕರು. ವಾರದಿಂದ ತಡೆದಿಟ್ಟ ನಗು. "ಕೀಲಿಕೈ ಒಳಗೇ ಬಿಟ್ಟು ಬಾಗಿಲು ಹಾಕಿದ್ರಲ್ಲೋ, ಬುದ್ಧಿವಂತರಾ! ಈಗ ಕೇಳಿ. ಬಾಯಿಬಿಟ್ಟು ಕೇಳಿ."

"ಹಾಕಿ ಮಾಷೇ, ನಿಮ್ಮ ದಮ್ಮಯ್ಯ," ಎಂದ ಜಿಬಿನ್.

ಮಾಷ್ ಗತ್ತಿನಿಂದ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ನಗು ನಿಂತುಹೋಯಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಅಬ್ಬರಿಸಿತು.

"ತ್ರೇಸ್ಯಾ, ಪ್ಲಗ್ಗು!"

"ಆರಿಸಿದ್ರಲ್ಲ ಮನುಷ್ಯಾ, ಇನ್ನು ಅದು ನನ್ನದು! ಕಡಲೆ ಕರಿಗೆ ಕಾಯಿ ರುಬ್ಬಿ ಆಗ್ಲಿ, ಕೊಡ್ತೀನಿ."

ಕಾಯಿ ನುಣ್ಣಗಾಗುವ ತನಕ ಮೂವರೂ ಕಾದು ಕೂತರು. ಅವರ ಜೊತೆಗೆ ಕೇರಳವೂ ಕಾಯಿತು.

ಕೊನೆಗೆ ಪೆಟ್ಟಿಗೆ ಗುಂಯ್‌ಗುಟ್ಟಿತು, ಸಂಖ್ಯೆ ಬಂತು. ಮಾಷ್ ಕನ್ನಡಕ ಏರಿಸಿ, ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ ಒಂದೊಂದೇ ಅಂಕಿ ಕೂಗಿದರು. ಹೊಸ ಬಾಗಿಲು ತೆರೆಯಿತು. ನಿಘಂಟು ಅಲ್ಲಿಂದ ಓಡತೊಡಗಿತು, ಕೀಲಿಕೈ ಮೂವರಿಗೂ ಸಿಕ್ಕಿತು.

ಮಾಷ್ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. "ಈಗ ನೀನೇ ಆರಿಸಮ್ಮ, ಶಹನಾಸ್. ನನ್ನ ಕೈಲಾಗಲ್ಲ."

ಅವಳು ಗುಂಡಿಯವರೆಗೂ ಕೈ ಒಯ್ದು ಹಿಂದಕ್ಕೆ ತೆಗೆದುಕೊಂಡಳು. "ಮೇಲ್ ಇನ್ನೂ ಇಲ್ಲೇ ಇದೆಯಲ್ಲ ಮಾಷೇ. ಅದನ್ನ ನೀವೇ ನೋಡ್ಕೊಳ್ಳಿ."

ಮಾಷ್ ಕನ್ನಡಕ ತೆಗೆದು ಒರೆಸಿದರು.

ತ್ರೇಸ್ಯಾಮ್ಮ ಪುಟ್ಟಿನ ತಟ್ಟೆಗಳನ್ನು ಮುಂದಿಟ್ಟು, ಪೆಟ್ಟಿಗೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಆಮೇಲೆ ಮಿಕ್ಸಿ ಎತ್ತಿಕೊಂಡು, ಬೇರೆ ಪ್ಲಗ್ ಹುಡುಕುತ್ತ ಪಡಸಾಲೆಗೆ ನಡೆದರು.