ಬೂದಿಯ ಬಟ್ಟಲು

ಗುರುಸ್ವಾಮಿ ಕೂಡಿಸಿದ ಎಳೆಯ ಗುರುತು ಯಾರಿಗೂ ಸಿಗದು ಎಂದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹೆಸರಿತ್ತು. ಮಗ್ಗದ ಹಳೆ ಹಾಸು, ಅಂದರೆ ಉದ್ದೆಳೆಗಳು, ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಸೇರಿಸಬೇಕು. ಸಾವಿರಾರು ರೇಷ್ಮೆ ಎಳೆ. ಕೈ ನಡುಗಿದರೆ ಕೆಟ್ಟಿತು.

ಆ ಕೈಯನ್ನು ಕೆಡಿಸಿದ್ದು ಹೆಂಡ. ಸ್ವಾತಂತ್ರ್ಯ ಬಂದ ಹೊಸತು; ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ್ದು, ಅಲ್ಲಿ ಕುಡಿತ ಬಂದ್. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು, ಅಲ್ಲಿ ಧಾರಾಳ. ನಮ್ಮ ಮಹಾನುಭಾವ ಕಾನೂನಿಗೆ ಮರ್ಯಾದೆ ಕೊಟ್ಟು, ಗಡಿ ದಾಟಿ ಕುಡಿದು ಬರುತ್ತಿದ್ದ. ಹಾಗೆ ಬಂದ ಒಂದು ದಿನ ಎಳೆ ತಪ್ಪಿಸಿ ಕೂಡಿಸಿದ. ಯಾರದೋ ಮದುವೆಯ ಹಸಿರು ಸೀರೆಯ ನಟ್ಟನಡುವೆ ಅಂಚಿನ ಕೆಂಪು ಬಂದು ಉದ್ದಕ್ಕೂ ಗೀರು ಎಳೆಯಿತು.

ಹೆಂಡತಿ ವಸಂತಮ್ಮ ಬೈಯಲಿಲ್ಲ. ಮದುವೆಯವರು ಬೇಡವೆಂದ ಅದೇ ಸೀರೆ ಉಟ್ಟು ಬೀದಿಯುದ್ದಕ್ಕೂ ನಡೆದಳು. ಕೇಳಿದವರಿಗೆಲ್ಲ, "ನಮ್ಮೆಜಮಾನ್ರು ನೇಯ್ದದ್ದು ಕಣವ್ವಾ" ಎಂದಳು.

ಸರ್ಕಾರಕ್ಕೆ ಬಿಡಿಸಲಾಗದ್ದನ್ನು ಆ ಸೀರೆ ಬಿಡಿಸಿತು. ಮೊದಲ ತಿಂಗಳು ಬೆವರಿದ, ನಡುಗಿದ, ಗೋಡೆಗೆ ತಲೆ ಚಚ್ಚಿಕೊಂಡ. ಎಂಟು ತಿಂಗಳಾಯಿತು, ಹನಿ ಮುಟ್ಟಲಿಲ್ಲ. ಮಗ್ಗಕ್ಕೆ ಕೂರಲು ವಸಂತಮ್ಮ ಬಿಟ್ಟಳು. ಎಳೆ ಕೂಡಿಸಲು ಮಾತ್ರ ಬಿಡಲಿಲ್ಲ. ಬೂದಿಯ ಬಟ್ಟಲನ್ನು ತನ್ನ ಮಗ್ಗುಲಲ್ಲೇ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ ತಾನೇ ಕೂಡಿಸುತ್ತಿದ್ದಳು. ಗುರುಸ್ವಾಮಿ ಪಕ್ಕದಲ್ಲಿ ಕೂತು ಬರಿ ಬೆರಳು ಹೊಸೆಯುತ್ತಿದ್ದ.

ಮತ್ತೊಂದು ಹಾಸು ಮುಗಿದ ದಿನ ನೇಯ್ದ ಸೀರೆಯನ್ನು ಅವಳು ಗಂಟು ಕಟ್ಟಿ ಅವನ ಕೈಗಿಟ್ಟಳು.

"ಯಳಂದೂರ್ನಲ್ಲಿ ಕೊಟ್ಬನ್ನಿ."

"ನಾನೊಬ್ನೇಯಾ?"

"ಇನ್ನೇನು, ಮೆರವಣ್ಗೆ ಮಾಡ್ಸನಾ?"

ಸೀರೆ ಕೊಟ್ಟು ತಿರುಗುವಷ್ಟರಲ್ಲಿ ಹೆಂಡದಂಗಡಿಯ ಮುಂದೆ ಹಳೆಯ ಜೊತೆಗಾರ ಚಿಕ್ಕಮಾದಪ್ಪ ಸಿಕ್ಕಿದ. "ಏನ್ಲಾ ಗುರುಸ್ವಾಮಿ, ದಾರಿ ಮರ್ತೋಯ್ತಾ? ಬಾರ್ಲಾ!"

ಗುರುಸ್ವಾಮಿಯ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಬೇಕು. ಒಂದು ಕಾಲು ಆ ಕಡೆ ತಿರುಗಿಯೂ ಬಿಟ್ಟಿತ್ತು. "ಮನೇಲಿ ಹಾಸು ಕಾಯ್ತಾ ಅದೆ ಕಣ್ಲಾ, ಓಯ್ತೀನಿ" ಎಂದವನೇ, ಅಟ್ಟಿಸಿಕೊಂಡು ಬಂದವರಂತೆ ನಡೆದ. ಗಡಿ ದಾಟಿದ ಮೇಲೆಯೇ ಅವನು ಉಸಿರು ಬಿಟ್ಟದ್ದು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಹೊಸ್ತಿಲಲ್ಲಿ ನಿಂತು, ಅಭ್ಯಾಸಬಲದಿಂದ ಬಾಯಿ ಮುಂದೆ ಮಾಡಿದ. "ಮೂಸ್ನೋಡಮ್ಮಿ."

"ಮೂಸಕೆ ನಾನೇನ್ ನಾಯಾ? ಕೈಕಾಲ್ ತೊಳ್ಕಬನ್ನಿ."

ತೊಳೆದು ಬಂದರೆ ಹೊಸ ಹಾಸು ಮಗ್ಗದಲ್ಲಿ ಹರಡಿತ್ತು. ಅವನು ಕೂರುವ ಕಡೆ ಬೂದಿಯ ಬಟ್ಟಲಿತ್ತು.

ಅವನು ಬೆರಳಿಗೆ ಬೂದಿ ಹಚ್ಚಿಕೊಂಡು ಮೊದಲ ಎಳೆ ಹೊಸೆದ. ಮೆಲ್ಲನೆ ಎಳೆದು ನೋಡಿದ, ಬಿಚ್ಚಿಕೊಳ್ಳಲಿಲ್ಲ. ಎರಡನೆಯದು, ಮೂರನೆಯದು, ಹತ್ತನೆಯದು. ಸಂತೋಷಕ್ಕೆ ಕಣ್ಣು ಮಂಜಾಯಿತು. ತೋರಿಸೋಣವೆಂದು ತಿರುಗಿದ.

ವಸಂತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿ, ಆಗಲೇ ಗೊರಕೆ ಹೊಡೆಯುತ್ತಿದ್ದಳು.