ಅರ್ಧಕ್ಕೆ ಇಳಿಸಿದ ನೀರು

ಅರಸೀಕೆರೆಯಿಂದ ಹಳೇಬೀಡಿನ ಕಡೆ ಬಸ್ಸಿನಲ್ಲಿ ಬಂದರೆ ರಸ್ತೆಯುದ್ದಕ್ಕೂ ತೆಂಗಿನ ತೋಟಗಳು ಸಿಗುತ್ತವೆ. ಅಂಥ ತೋಟಗಳ ನಡುವಿನ ಒಂದು ಊರಿನ ಕಥೆ ಇದು. ಊರಿಗೊಂದು ಹೆಸರು ಬೇಕಲ್ಲ, ಕಲ್ಲುಕೊಪ್ಪಲು ಎನ್ನೋಣ.

ಕಲ್ಲುಕೊಪ್ಪಲಿನಲ್ಲಿ ಮೊದಲು ಸಿಹಿನೀರಿನ ಬಾವಿ ಇತ್ತು. ಅದು ಬತ್ತಿತು. ಬೋರು ಕೊರೆಸಿದರು, ಅದೂ ಬತ್ತಿತು. ಇನ್ನೂ ಆಳಕ್ಕೆ ಕೊರೆಸಿದರು. ಈಗ ಬರುವ ನೀರು ನೋಡಲು ತಿಳಿಯಾಗಿದೆ. ಆದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಕುಡಿಯುವುದಕ್ಕೆಂದು ಊರ ಮುಂದೆ ಫಿಲ್ಟರ್ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಬೇಸಿಗೆ ಬಂದರೆ ಅದು ಇವತ್ತು ನಡೆದರೆ ನಾಳೆ ಇಲ್ಲ. ಆಗ ಪಟ್ಟಣದಿಂದ ಆಟೋದಲ್ಲಿ ಕ್ಯಾನು ತರುವವನು ಹೇಳಿದ್ದೇ ರೇಟು. ಡೇರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲಿ ನೀರು ಕೊಳ್ಳುವ ಕಾಲ ಬಂತಲ್ಲ ಎಂದು ಹೆಂಗಸರು ನಿಟ್ಟುಸಿರು ಬಿಡುತ್ತಾರೆ.

ಈ ಊರಿನಲ್ಲಿ ಶಿವಗಂಗಮ್ಮನದು ದೊಡ್ಡ ಸಂಸಾರ. ಗಂಡ ಜಯದೇವಪ್ಪ, ಮಗ ಶಶಿಧರ, ಸೊಸೆ ಹೇಮಲತಾ, ಇಬ್ಬರು ಮೊಮ್ಮಕ್ಕಳು. ದೊಡ್ಡವಳು ಗಾನವಿ ಹೈಸ್ಕೂಲಿಗೆ ಹೋಗುತ್ತಾಳೆ. ಚಿಕ್ಕವಳಿಗೆ ಮೂರು ವರ್ಷ, ಅವಳನ್ನು ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ನೀರಿನ ಯಜಮಾನಿಕೆ ಶಿವಗಂಗಮ್ಮನದು. ಕ್ಯಾನಿನ ನೀರು ದೊಡ್ಡವರಿಗೆ ಮತ್ತು ಬಂದ ನೆಂಟರಿಗೆ ಕುಡಿಯಲು. ಮುದ್ದೆಗೆ, ಸಾರಿಗೆ, ಅನ್ನಕ್ಕೆ, ಕಾಫಿಗೆ ಬೋರಿನ ನೀರು. ಅಷ್ಟು ತುಟ್ಟಿಯ ನೀರನ್ನು ಎಸರಿಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಮಕ್ಕಳ ನೀರು ಮಾತ್ರ ಬೇರೆ. ಗಾನವಿ ಎಳೆಗೂಸಾಗಿದ್ದಾಗ ಊರಿಗೆ ವಾಂತಿಭೇದಿ ಬಂದಿತ್ತು. ಮಗು ಕಣ್ಣು ಮೇಲಕ್ಕೆ ಮಾಡಿ, ಇನ್ನೇನು ಕೈ ಬಿಟ್ಟುಹೋಯಿತು ಎನ್ನುವಂತಾಗಿತ್ತು. ಆಗ ಆಶಾ ಕಾರ್ಯಕರ್ತೆ ಭಾಗ್ಯ ಮನೆ ಮನೆಗೆ ಬಂದು, ನೀರು ಕುದಿಸಿ ಕುಡಿಸಿ ಎಂದು ಹೇಳಿ ಹೋದಳು. ಆ ಮಾತನ್ನು ಶಿವಗಂಗಮ್ಮ ಸೆರಗಿಗೆ ಗಂಟು ಹಾಕಿಕೊಂಡಳು. ಆಕೆ ಕಷಾಯ ಮಾಡುವುದರಲ್ಲಿ ಎತ್ತಿದ ಕೈ. ಕಷಾಯವೆಂದರೆ ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು, ಆಗಲೇ ಅದರ ಸತ್ವ ಬರುವುದು. ನೀರಿಗೂ ಅದೇ ನ್ಯಾಯ ಎಂದುಕೊಂಡಳು. ತೆಂಗಿನ ಮಟ್ಟೆಯ ಉರಿಯ ಮೇಲೆ ಬೋರಿನ ನೀರಿಟ್ಟು, ಅರ್ಧಕ್ಕೆ ಇಳಿಯುವವರೆಗೂ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮಕ್ಕಳಿಗೆ ಕೊಡುತ್ತಿದ್ದಳು. ಕ್ಯಾನಿನ ನೀರು ಕೊಡಲು ಸೊಸೆ ಹೋದರೆ ತಡೆಯುತ್ತಿದ್ದಳು.

"ಯಾರ್ಯಾರೋ ಮುಟ್ಟಿರೋ ಪ್ಲಾಸ್ಟಿಕ್ ಕ್ಯಾನು ಕಣೇ ಅದು. ದೊಡ್ಡೋರು ಹೆಂಗೋ ತಡಕಂತೀವಿ. ಮಕ್ಕಳಿಗೆ ನಾನು ಕಾಯಿಸಿರೋ ನೀರೇ ಸರಿ."

ಹತ್ತು ವರ್ಷಕ್ಕೂ ಮಿಕ್ಕಿ ಈ ವ್ರತ ತಪ್ಪಲಿಲ್ಲ. ಆಮೇಲೆ ಗಾನವಿಗೆ ಒಮ್ಮೆಯೂ ಭೇದಿಯಾಗಲಿಲ್ಲ ಎನ್ನುವುದು ಅಜ್ಜಿಯ ಹೆಮ್ಮೆ.

ಆದರೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಗಾನವಿಯ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟೆಗಳು ಕಂಡವು. ಬರುಬರುತ್ತಾ ಅವು ಕಂದು ಬಣ್ಣಕ್ಕೆ ತಿರುಗಿದವು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತಳು. ಆಮೇಲೆ ನಗುವುದನ್ನೇ ಕಡಿಮೆ ಮಾಡಿದಳು. ಶಾಲೆಯಲ್ಲಿ ಫೋಟೋ ತೆಗೆದ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು. ಅಜ್ಜಿಗೆ ಮಾತ್ರ ಅದು ಸೋಮಾರಿತನವೆಂದೇ ಕಂಡಿತು.

"ಕೊಳೆ ಕಣೆ ಅದು. ಸರಿಯಾಗಿ ಉಜ್ಜಿದ್ರೆ ಯಾಕೆ ಹೋಗಲ್ಲ?"

ಇದ್ದಿಲು, ಉಪ್ಪು ಎರಡೂ ಆದವು. ಒಸಡಿನಲ್ಲಿ ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸ್ತ್ರೀಶಕ್ತಿ ಸಂಘದ ಸಭೆ ಶಿವಗಂಗಮ್ಮನ ಮನೆಯ ಜಗುಲಿಯಲ್ಲಿ ಸೇರಿತು. ಭಾಗ್ಯ ಒಂದು ಪೆಟ್ಟಿಗೆ ತಂದಿದ್ದಳು. ಅದರೊಳಗೆ ಗಾಜಿನ ಸಣ್ಣ ಕೊಳವೆಗಳು, ಔಷಧಿ ಸೀಸೆಗಳು ಇದ್ದವು.

"ಏನವ್ವ ಭಾಗ್ಯ, ಸೂಜಿ ಚುಚ್ಚಕ್ಕೆ ಬಂದ್ಯಾ?" ಎಂದಳು ಶಿವಗಂಗಮ್ಮ.

"ಇಲ್ಲ ಶಿವಗಂಗಮ್ನೋರೆ, ನೀರು ಪರೀಕ್ಷೆ ಮಾಡಕ್ಕೆ ಬಂದೆ. ಪಂಚಾಯಿತಿನಲ್ಲಿ ನಮಗೆ ತರಬೇತಿ ಕೊಟ್ಟವ್ರೆ. ನೀರಿಗೆ ಈ ಔಷಧಿ ಹಾಕಿದ್ರೆ ಗುಲಾಬಿ ಬಣ್ಣ ಬತ್ತದೆ. ಹಂಗೇ ನಿಂತ್ರೆ ಒಳ್ಳೇದು. ಹಳದಿಗೆ ತಿರುಗಿದಷ್ಟೂ ನೀರಲ್ಲಿ ಫ್ಲೋರೈಡು ಜಾಸ್ತಿ ಅಂತ ಲೆಕ್ಕ."

"ಅದೇನದು ಪ್ಲೋರೈಡು?"

"ಕಲ್ಲೊಳಗಿರೋ ಒಂದು ಲವಣ. ಬೋರು ಆಳಕ್ಕೆ ಹೋದಂಗೆಲ್ಲಾ ಅದು ನೀರಿಗೆ ಜಾಸ್ತಿ ಸೇರ್ಕಳದುಂಟು. ಬಣ್ಣ ಇಲ್ಲ, ವಾಸನೆ ಇಲ್ಲ, ನಾಲಿಗೆಗೂ ಗೊತ್ತಾಗಲ್ಲ. ವರ್ಷಗಟ್ಟಲೆ ಒಳಕ್ಕೆ ಹೋದ್ರೆ ಹಲ್ಲು, ಮೂಳೆ, ಕೀಲು ಎಲ್ಲದನ್ನೂ ಹಿಡೀತದೆ."

ಮೊದಲು ಕ್ಯಾನಿನ ನೀರಿಗೆ ಔಷಧಿ ಹಾಕಿದಳು. ಗುಲಾಬಿ ಬಣ್ಣ ನಿಂತಿತು. ಆಮೇಲೆ ನಲ್ಲಿಗೆ ಬರುವ ಬೋರಿನ ನೀರಿಗೆ ಹಾಕಿದಳು. ನೋಡನೋಡುತ್ತಿದ್ದಂತೆ ಅದು ಹಳದಿಗೆ ತಿರುಗಿತು. ಜಗುಲಿಯಲ್ಲಿ ಗುಸುಗುಸು ಎದ್ದಿತು.

ಶಿವಗಂಗಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಒಳಗೆ ಹೋಗಿ ಮಕ್ಕಳ ನೀರಿನ ಚೊಂಬನ್ನೇ ತಂದು ಭಾಗ್ಯನ ಮುಂದಿಟ್ಟಳು.

"ಅದು ಹಸೀ ನೀರು ಕಣವ್ವ, ಅದಕ್ಕೇ ಹಂಗಾಗೈತೆ. ಇದನ್ನ ನೋಡು. ಅರ್ಧಕ್ಕರ್ಧ ಇಳಿಸಿದೀನಿ. ಇದರಲ್ಲಿ ಏನಾರ ಇದ್ರೆ ನನ್ನ ಕೇಳು."

ಭಾಗ್ಯನಿಗೆ ಉತ್ತರ ಗೊತ್ತಿತ್ತು. ಆದರೂ ಚೊಂಬಿನ ನೀರನ್ನು ಕೊಳವೆಗೆ ಬಗ್ಗಿಸಿ ಔಷಧಿ ಹಾಕಿದಳು. ಮೂರು ಕೊಳವೆಗಳಲ್ಲಿ ಎಲ್ಲಕ್ಕಿಂತ ಗಾಢವಾದ ಹಳದಿ ಅದರದೇ ಆಗಿತ್ತು.

"ನಿನ್ನ ಔಷಧಿ ಕೆಟ್ಟೋಗಿರಬೇಕು," ಎಂದಳು ಶಿವಗಂಗಮ್ಮ.

ಭಾಗ್ಯ ಕೊಳವೆ ತೊಳೆದು ಇನ್ನೊಮ್ಮೆ ಮಾಡಿ ತೋರಿಸಿದಳು. ಬಣ್ಣ ಬೇರೆಯಾಗಲಿಲ್ಲ.

"ಕುದಿಸು ಅಂತ ಹೇಳಿದೋಳೇ ನೀನು," ಎಂದಳು ಶಿವಗಂಗಮ್ಮ. ದನಿಯಲ್ಲಿ ಸಿಟ್ಟಿತ್ತು.

"ಹೌದು, ನಾನೇ ಹೇಳಿದ್ದು. ಅದು ವಾಂತಿಭೇದಿಗೆ. ಕುದಿಸಿದ್ರೆ ಕ್ರಿಮಿ ಸಾಯ್ತವೆ. ಫ್ಲೋರೈಡು ಜೀವ ಇರೋ ವಸ್ತುವಲ್ಲ, ಅದು ಸಾಯಲ್ಲ. ಒಂದು ಮಾತು ಕೇಳ್ತೀನಿ ಹೇಳಿ. ಉಪ್ಪು ಹಾಕಿರೋ ಸಾರನ್ನ ಕುದಿಸಿ ಕುದಿಸಿ ಅರ್ಧ ಮಾಡಿದ್ರೆ ಏನಾಯ್ತದೆ?"

"ಏನಾಯ್ತದೆ, ನೀರು ಇಂಗಿ ಉಪ್ಪು..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಮುಂದೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಲವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಉಪ್ಪಿನ ವಿಷಯ ಗೊತ್ತಿಲ್ಲವೇ? ನೀರು ಹಬೆಯಾಗಿ ಹೋಯಿತು, ಕಲ್ಲಿನ ಲವಣ ಮಿಕ್ಕ ನೀರಿನಲ್ಲೇ ಉಳಿಯಿತು. ಮನೆಯಲ್ಲಿ ಯಾರೂ ಕುಡಿಯದಷ್ಟು ಗಟ್ಟಿಯಾಗಿ ಅದನ್ನು ಇಳಿಸಿ ಇಳಿಸಿ ಮಕ್ಕಳ ಬಾಯಿಗೆ ಇಟ್ಟದ್ದು ತಾನೇ ಎಂದು ಅವಳಿಗೆ ಹೊಳೆಯಿತು. ಕಂಬ ಹಿಡಿದು ಜಗುಲಿಯ ಮೇಲೆ ಕೂತುಬಿಟ್ಟಳು.

ಬಾಗಿಲಲ್ಲಿ ನಿಂತು ಗಾನವಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೆಲ್ಲಗೆ ಕೇಳಿದಳು. "ಆಂಟಿ, ನನ್ನ ಹಲ್ಲಿನ ಕಲೆ ಇದರಿಂದಾನೇ ಬಂದಿದ್ದಾ? ಇನ್ನು ಹೋಗಲ್ವಾ?"

ಭಾಗ್ಯ ಸುಳ್ಳು ಹೇಳಲಿಲ್ಲ. "ಇದರಿಂದಾನೇ ಇರಬೇಕು ಕಣಮ್ಮ. ತಾನಾಗೇ ಹೋಗಲ್ಲ. ಹಲ್ಲಿನ ಡಾಕ್ಟ್ರು ಕಾಣದಂಗೆ ಮುಚ್ಚಬೌದು. ಹಾಸನದ ಆಸ್ಪತ್ರೆಗೆ ನಾನೇ ಕರ್ಕೊಂಡೋಗಿ ತೋರಿಸ್ತೀನಿ. ಆದ್ರೆ ಒಂದು ತಿಳ್ಕೊ, ಇದು ಕೊಳೆ ಅಲ್ಲ. ನಿನ್ನ ತಪ್ಪೇನೂ ಇಲ್ಲ."

ಶಿವಗಂಗಮ್ಮ ಮೊಮ್ಮಗಳ ಮುಖ ನೋಡಲಾರದೆ ತಲೆ ತಗ್ಗಿಸಿದಳು. "ಉಜ್ಜಲ್ಲ ಅಂತ ಬೈದೆ ಕಣೆ ನಿನ್ನ," ಎಂದಳು.

ಗಾನವಿ ಅಜ್ಜಿಯ ಪಕ್ಕ ಬಂದು ಕೂತಳು. "ನಂದು ಬಿಡಜ್ಜಿ. ಪುಟ್ಟಿಗೂ ಹಿಂಗೇ ಆಗುತ್ತಾ?"

ಹೇಮಲತಾ ಮಗುವನ್ನು ಎದೆಗೆ ಒತ್ತಿಕೊಂಡಳು. ಭಾಗ್ಯ ಹತ್ತಿರ ಬಂದು ಪುಟ್ಟಿಯ ಗಲ್ಲ ಹಿಡಿದು ಬಾಯಿ ನೋಡಿದಳು. ಅಕ್ಕಿಯಂಥ ಹಾಲುಹಲ್ಲುಗಳು.

"ಇವು ಬಿದ್ದೋಗೋ ಹಲ್ಲು. ಕೊನೇ ತನಕ ಇರೋ ಹಲ್ಲು ಈಗ ಒಸಡಿನೊಳಗೇ ಬೆಳೀತಾ ಅವೆ. ಇಲ್ಲಿವರೆಗೆ ಕುಡಿದಿದ್ದನ್ನ ವಾಪಸು ತೆಗೆಯಕ್ಕಾಗಲ್ಲ. ಆದ್ರೆ ಇವತ್ತೇ ನೀರು ಬದಲಾಯಿಸಿದ್ರೆ ಬಹಳ ಮಟ್ಟಿಗೆ ಉಳೀತವೆ. ಎಂಟು ವರ್ಷ ಆಗೋವರೆಗೂ ಬಲು ಹುಷಾರಾಗಿರಬೇಕು."

"ಇವತ್ತಿಂದ ಮಕ್ಕಳಿಗೆ ಕ್ಯಾನಿನ ನೀರೇ ಕುಡಿಸ್ತೀನಿ," ಎಂದಳು ಹೇಮಲತಾ.

"ಕುಡಿಸಿದ್ರೆ ಸಾಲ್ದು ಹೇಮಕ್ಕ. ಮುದ್ದೆಗೆ ಎಸರು ಇಡೋದು ಯಾವ ನೀರಲ್ಲಿ? ಆ ಎಸರೆಲ್ಲಾ ಮುದ್ದೆ ಒಳಗೇ ಉಳೀತದೆ. ಸಾರು, ಅನ್ನ, ಕಾಫಿ, ಎಲ್ಲಾ ನೀರೇ ಅಲ್ವಾ? ಲೋಟದಲ್ಲಿ ಕುಡಿಯೋದಷ್ಟೇ ಕುಡಿಯೋ ನೀರು ಅಂತ ನಾವು ತಿಳ್ಕೊಂಡಿದೀವಿ. ತಿನ್ನೋದೂ ನೀರೇ."

ಜಗುಲಿಯ ಮೂಲೆಯಲ್ಲಿ ಕೂತಿದ್ದ ಜಯದೇವಪ್ಪ ಈಗ ಬಾಯಿ ಬಿಟ್ಟರು. "ಅಲ್ಲವ್ವ, ಅಡುಗೆಗೂ ಕ್ಯಾನು ಅಂದ್ರೆ ಎಲ್ಲಿಂದ ತರೋದು? ಘಟಕ ಕೆಟ್ಟರೆ ಕುಡಿಯಕ್ಕೇ ನೀರಿಲ್ಲ. ಆಟೋದೋನು ಕೇಳೋ ರೇಟಿಗೆ ಕೊಬ್ಬರಿ ಮಾರಿದ್ದೆಲ್ಲಾ ನೀರಿಗೇ ಸುರೀಬೇಕಾಯ್ತದೆ."

"ಅದಕ್ಕೇ ಮಳೆ ನೀರು ಹಿಡೀರಿ ಅಂತೀನಿ ಯಜಮಾನ್ರೆ. ಮೋಡದ ನೀರಿಗೆ ಕಲ್ಲಿನ ಲವಣ ಸೇರಿರಲ್ಲ. ನಿಮ್ಮದು ಇಷ್ಟಗಲ ತಾರಸಿ. ಮನೆ ಕಟ್ಟಿಸ್ವಾಗ ಮಾಡಿಸಿದ ಸಂಪು ಖಾಲಿ ಬಿದ್ದೈತೆ."

"ಮಳೆ ನೀರು ಕುಡಿದ್ರೆ ಶೀತ ಆಯ್ತದೆ. ಅದೂ ತಾರಸಿ ನೀರು, ಕಾಗೆ ಗುಬ್ಬಿ ಓಡಾಡಿರ್ತವೆ. ನಮ್ಮ ಮನೆತನದಲ್ಲಿ ಯಾರೂ ಕುಡಿದೋರಲ್ಲ."

"ಶಿವಗಂಗಮ್ನೋರ ತವರು ಹುಲಿಕೆರೆ ಅಲ್ವಾ? ಅಲ್ಲಿಯ ಕಲ್ಯಾಣಿ ನೀರು ಯಾವುದು? ಮಳೆ ಬಿದ್ದು ನೆಲಕ್ಕೆ ಇಂಗಿ ಬಂದ ನೀರೇ. ನಮ್ಮೂರಿನ ಹಳೇ ಬಾವೀಲಿ ಇದ್ದಿದ್ದೂ ಅದೇ. ತಾರಸಿ ಗುಡಿಸಿ ತೊಳೀರಿ. ಮೊದಲನೇ ಮಳೆ ನೀರನ್ನ ಹೊರಕ್ಕೆ ಬಿಡಿ. ಆಮೇಲಿನದನ್ನ ಜಲ್ಲಿ, ಮರಳು, ಇದ್ದಿಲಿನ ತೊಟ್ಟೀಲಿ ಸೋಸಿ ಸಂಪಿಗೆ ಬಿಡಿ. ಬಿಸಿಲು ಬೀಳದಂಗೆ ಮುಚ್ಚಿ. ಕುಡಿಯೋ ಮುಂಚೆ ಒಂದು ಕುದಿ ಬರಿಸಿದ್ರೆ ಸಾಕು. ಅರ್ಧಕ್ಕೆ ಇಳಿಸೋದು ಬೇಡ."

ಜಯದೇವಪ್ಪ ಇನ್ನೇನೋ ಹೇಳಹೊರಟರು. ಶಿವಗಂಗಮ್ಮ ಗಂಡನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಹತ್ತು ಜನರೆದುರು ಅವರ ಮಾತು ಮುರಿದವಳಲ್ಲ.

"ನೋಡ್ರೀ, ಶೀತ ಆದ್ರೆ ಕಷಾಯ ಕೊಡ್ತೀನಿ. ಇದಕ್ಕೆ ಏನು ಕೊಡ್ಲಿ?"

ಅವರು ಪುಟ್ಟಿಯ ಕಡೆ ನೋಡಿದರು. ಆಮೇಲೆ ಗಾನವಿಯ ಕಡೆ ನೋಡಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಶಶಿ ಬರಲಿ, ನಾಳೇನೇ ಪೈಪು ತರಸ್ತೀನಿ," ಎಂದರು.

ಶಶಿಧರ ಪೈಪು ಜೋಡಿಸಿದ. ತಾರಸಿಯ ಮೇಲೆ ಒಣಹಾಕಿದ್ದ ತೆಂಗಿನಕಾಯಿಗಳನ್ನು ಕೆಳಗಿಳಿಸಿ ಹೇಮಲತಾ ಮೂಲೆ ಮೂಲೆ ತೊಳೆದಳು. ಮಳೆ ಬರುವವರೆಗೂ ಮಕ್ಕಳ ಲೋಟಕ್ಕೂ ಮನೆಯ ಅಡುಗೆಗೂ ಕ್ಯಾನಿನ ನೀರೇ ಎಂದಾಯಿತು. ಕೈ ಬಿಗಿಯಾಯಿತು, ಬೇರೆ ಖರ್ಚು ಕಡಿಮೆ ಮಾಡಿದರು. ಸ್ನಾನಕ್ಕೆ, ಬಟ್ಟೆಗೆ, ದನಕರುಗಳಿಗೆ ಬೋರಿನ ನೀರು ಉಳಿಯಿತು. ಗ್ರಾಮಸಭೆಯ ದಿನ ಸಂಘದ ಹೆಂಗಸರೆಲ್ಲ ಭಾಗ್ಯನ ಜೊತೆ ಒಟ್ಟಾಗಿ ಹೋದರು. ಫಿಲ್ಟರ್ ಘಟಕ ದುರಸ್ತಿಯಾಗಬೇಕು, ಊರಿನ ಪ್ರತಿ ನೀರಿನ ಮೂಲವನ್ನೂ ಪರೀಕ್ಷಿಸಿ ಫಲಿತಾಂಶವನ್ನು ಗೋಡೆಯ ಮೇಲೆ ಬರೆಸಬೇಕು ಎಂದು ಕೇಳಿದರು. ಯಾಕೆಂದು ಹೇಳಲು ಶಿವಗಂಗಮ್ಮನೇ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿ ಅಭ್ಯಾಸವಿದ್ದವಳಲ್ಲ.

"ನಾನು ನನ್ನ ಮೊಮ್ಮಗಳಿಗೆ ವಿಷ ಕೊಡಬೇಕು ಅಂತ ಕೊಟ್ಟೋಳಲ್ಲ. ಮನೇಲಿ ಎಲ್ಲಾರಿಗಿಂತ ಒಳ್ಳೇ ನೀರು ಅವಳಿಗೇ ಸಿಗ್ಲಿ ಅಂತ, ಕಣ್ಣಿಗೆ ಹೊಗೆ ತುಂಬಿಸ್ಕೊಂಡು ಕಾಯಿಸಿ ಕೊಟ್ಟೆ. ನಮ್ಮ ಪ್ರೀತಿ ಎಷ್ಟಿದ್ರೇನು, ನೀರಿಗೆ ಅದು ಗೊತ್ತಾಗಲ್ಲ. ಈ ಲವಣ ನೋಡಿದ್ರೆ ಕಾಣಲ್ಲ, ಕುಡಿದ್ರೆ ತಿಳಿಯಲ್ಲ. ಪರೀಕ್ಷೆ ಮಾಡಿಸದೇ ಯಾರೂ ಮಕ್ಕಳಿಗೆ ಕೊಡಬ್ಯಾಡಿ. ನಮ್ಮನೇಲಿ ಒಂದು ಮಗುವಿಗೆ ತಡವಾಗಿ ಹೋಯ್ತು."

ಹಿಂದಿನ ಸಾಲಿನಿಂದ ಸಂಘದ ಚಲುವಮ್ಮ ಎದ್ದು, ಬಸುರಿ ಸೊಸೆಯ ಕೈ ಹಿಡಿದುಕೊಂಡೇ, "ನಮ್ಮ ಮನೆ ನೀರೂ ನೋಡವ್ವ ಭಾಗ್ಯ," ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎದ್ದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಊರಿನ ಹೆಸರು ನಾವು ಇಟ್ಟದ್ದು. ನೀರು ಮಾತ್ರ ನಿಮ್ಮ ಊರಿನದೂ ಆಗಿರಬಹುದು. ತಿಳಿಯಾಗಿದೆ ಎಂದು ನಂಬಬೇಡಿ, ಕುದಿಸಿದೆವು ಎಂದು ನಿಶ್ಚಿಂತರಾಗಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಮನೆಯ ನೀರನ್ನು ಶುಚಿಯಾದ ಬಾಟಲಿಯಲ್ಲಿ ತುಂಬಿಕೊಂಡು ಗ್ರಾಮ ಪಂಚಾಯಿತಿಗೆ ಹೋಗಿ, ಇಲ್ಲವೇ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಪರೀಕ್ಷೆ ಮಾಡಿಸಿ. ನೀರು ಸರಿಯಿಲ್ಲದಿದ್ದರೆ ಕುಡಿಯುವುದಕ್ಕೂ ಅಡುಗೆಗೂ ಅದನ್ನು ನಿಲ್ಲಿಸಿ. ನಿಮ್ಮ ಸೂರಿನ ಮೇಲೆ ಬೀಳುವ ಮಳೆಯನ್ನು ಹಿಡಿದಿಡಿ. ಕೆಟ್ಟ ಘಟಕದ ಬಗ್ಗೆ ಗ್ರಾಮಸಭೆಯಲ್ಲಿ ಒಟ್ಟಾಗಿ ಕೇಳಿ.

ಇವತ್ತು ಬೇಡ, ಸುಗ್ಗಿ ಕಳೆಯಲಿ, ಹಬ್ಬ ಮುಗಿಯಲಿ ಎನ್ನಬೇಡಿ. ನಿಮ್ಮ ಮಡಿಲಲ್ಲಿ ಆಡುತ್ತಿರುವ ಮಗುವಿನ ಒಸಡಿನೊಳಗೆ ಅದರ ಬಾಳಿನುದ್ದಕ್ಕೂ ಇರಬೇಕಾದ ಹಲ್ಲು ಈಗಲೇ ಬೆಳೆಯುತ್ತಿದೆ. ಅದು ನಮಗಾಗಿ ಕಾಯುವುದಿಲ್ಲ.