ಬಲಮಗ್ಗುಲು

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿದ್ದ ಕೂಡಲೇ ಅವಳು ಉಸಿರು ಬಿಗಿಹಿಡಿದಳು.

"ಸಡಿಲ ಬಿಡಿ, ನಾನೇನೂ ಕಚ್ಚಲ್ಲ" ಎಂದು ಡಾಕ್ಟರಮ್ಮ ಸ್ಕ್ಯಾನ್ ಯಂತ್ರದ ಹಿಡಿಯನ್ನು ಮೆಲ್ಲಗೆ ಈ ಪಕ್ಕೆಯಿಂದ ಆ ಪಕ್ಕೆಗೆ ಜಾರಿಸತೊಡಗಿದರು. ತೆರೆಯ ಮೇಲೆ ಬೂದು ಬಣ್ಣದ್ದು ಏನೇನೋ ಅಲುಗಾಡಿತು. ಗೋಡೆಗೊರಗಿದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮಾತ್ರ ಬಾಗಿಲಿನ ಬಣ್ಣ, ಫ್ಯಾನಿನ ಧೂಳು, ಹೊರಗೆ ಚೀಟಿ ಕೊಡುವವನ ಸಿಡುಕು, ಎಲ್ಲದರ ಬಗ್ಗೆಯೂ ಒಂದೊಂದು ಅಭಿಪ್ರಾಯ ಹೇಳುತ್ತಲೇ ಇದ್ದರು. ಆ ಬಾಯಿಗೆ ರಜೆ ಎಂಬುದೇ ಇರಲಿಲ್ಲ.

ಹೋದ ವಾರ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿದವನು ನೋಡಿದ್ದನ್ನೇ ಮತ್ತೆ ನೋಡಿ, ಅವಳನ್ನು ಹೊರಳಿಸಿ ಮಲಗಿಸಿ ಇನ್ನೊಮ್ಮೆ ನೋಡಿ, "ಮಗು ಹೃದಯ ಬಲಗಡೆ ಇದೆ. ದೊಡ್ಡಾಸ್ಪತ್ರೇಲಿ ಹೃದಯದ ಡಾಕ್ಟ್ರಿಗೆ ತೋರಿಸಿ" ಎಂದಿದ್ದ. ಅಷ್ಟು ಹೇಳಿ ಮುಂದಿನವರನ್ನು ಕರೆದುಬಿಟ್ಟಿದ್ದ. ಅವನಿಗೇನು, ಹೇಳಿ ಕೈತೊಳೆದುಕೊಂಡ. ಇವಳಿಗೆ ಅಂದಿನಿಂದ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ಭಯವೇ ಸಾಲದೆಂಬಂತೆ, ಯಾರಿಗೂ ಹೇಳಲಾಗದ ಇನ್ನೊಂದು ಸಂಕಟವಿತ್ತು. ಬಸುರಿ ಎಂದು ತಿಳಿದಾಗಿನಿಂದ ಅತ್ತೆ "ಎಡಕ್ಕೆ ತಿರುಗಿ ಮಲಗೇ, ಮಗೂಗೆ ಒಳ್ಳೇದು" ಎಂದು ಬೆನ್ನು ಹತ್ತಿದ್ದರು. "ಹೂಂ ಅತ್ತೆ" ಎಂದು ಎಡಕ್ಕೆ ತಿರುಗುವುದು, ಅವರು ಬಾಗಿಲೆಳೆದುಕೊಂಡು ಹೋದ ಮೇಲೆ ಸದ್ದಿಲ್ಲದೆ ಬಲಮಗ್ಗುಲಾಗುವುದು, ಇದು ಅವಳ ದಿನದ ಕೆಲಸವಾಗಿತ್ತು. ಚಿಕ್ಕಂದಿನ ಅಭ್ಯಾಸ, ಬೇರೆ ಹೇಗೆ ಮಲಗಿದರೂ ನಿದ್ದೆ ಹತ್ತದು. ಈಗ ನೋಡಿದರೆ ಮಗುವಿನ ಹೃದಯವೂ ಬಲಕ್ಕೇ ಹೋಗಿ ಕೂತಿದೆ! ತಾನೇ ಅದನ್ನು ಆ ಕಡೆ ಜಾರಿಸಿಬಿಟ್ಟೆನೇನೋ ಎಂಬ ಹುಳ ವಾರವೆಲ್ಲ ತಲೆ ಕೊರೆದಿತ್ತು. ಗಂಡನಿಗೂ ಹೇಳಿರಲಿಲ್ಲ. ಅವನು ಪಾಳಿ ಬಿಟ್ಟು ಬರಲಾಗದೆ ತಾಯಿಯನ್ನು ಜೊತೆಮಾಡಿ ಕಳಿಸಿದ್ದ.

"ಹೃದಯ ಬಲಕ್ಕಿದೆ, ನಿಜ" ಎಂದರು ಡಾಕ್ಟರಮ್ಮ, ತೆರೆಯಿಂದ ಕಣ್ಣು ಕೀಳದೆ. "ಅದೊಂದೇ ಆ ಕಡೆ ಹೋಗಿದ್ರೆ ಯೋಚನೆ ಮಾಡ್ಬೇಕು. ಉಳಿದವೆಲ್ಲ ಎಲ್ಲಿವೆ ನೋಡೋಣ."

ಅತ್ತೆಯ ಮಾತು ಅಲ್ಲಿಗೆ ನಿಂತಿತು. ಹಿಡಿ ಹೊಟ್ಟೆಯ ಮೇಲೆ ಸರಿಯಿತು, ನಿಂತಿತು, ಒತ್ತಿತು, ಮತ್ತೆ ಸರಿಯಿತು. ಡಾಕ್ಟರು ಸುಮ್ಮನಿದ್ದಾರೆಂದರೆ ಸುದ್ದಿ ಕೆಟ್ಟದ್ದೇ ಎಂದು ಅವಳು ಕಣ್ಣು ಮುಚ್ಚಿದಳು.

"ಹೊಟ್ಟೆ ಚೀಲ... ಇದೂ ಬಲಗಡೆ."

ಅವಳು ಮಂಚದ ಅಂಚನ್ನು ಹಿಡಿದುಕೊಂಡಳು.

"ಲಿವರ್ ಬಲಕ್ಕಿರ್ಬೇಕಾದ್ದು ಎಡಕ್ಕಿದೆ."

"ಅಯ್ಯೋ, ಎಲ್ಲಾ ಕೆಟ್ಟುಹೋಗಿದೆಯಾ ಡಾಕ್ಟ್ರೇ?" ಅವಳು ಕಣ್ಣು ತೆರೆದಳು.

"ಎಲ್ಲಾ ಸರಿಯಾಗಿದೆ ಅಂತ ಹೇಳ್ತಿದ್ದೀನಿ ಕಣಮ್ಮಾ." ಡಾಕ್ಟರಮ್ಮ ಮೊದಲ ಸಲ ಅವಳ ಮುಖ ನೋಡಿ ನಕ್ಕರು. "ಒಂದೂ ಬಿಡದೆ ಎಲ್ಲಾ ಅದಲುಬದಲಾಗಿ ಕೂತಿವೆ, ಕನ್ನಡೀಲಿ ಕಾಣೋ ಹಾಗೆ. ಹೃದಯದ ಕೋಣೆಗಳು, ಕವಾಟ, ರಕ್ತನಾಳ, ಯಾವುದರಲ್ಲೂ ದೋಷ ಕಾಣ್ತಿಲ್ಲ. ಹೀಗೆ ಹುಟ್ಟಿದವರು ಎಷ್ಟೋ ಜನ ಏನೂ ತೊಂದರೆ ಇಲ್ಲದೆ ಬದುಕ್ತಾರೆ. ಹೆರಿಗೆ ಆದ್ಮೇಲೆ ಇನ್ನೊಂದ್ಸಲ ಪರೀಕ್ಷೆ ಮಾಡೋಣ. ಮುಂದೆ ಯಾವ ಡಾಕ್ಟ್ರ ಹತ್ರ ಹೋದ್ರೂ ಮೊದಲು ಈ ವಿಷಯ ಹೇಳ್ಬೇಕು, ಅಷ್ಟೆ."

ಹೋದ ಜೀವ ಬಂದಂತಾಯಿತು. ಆದರೂ ಆ ಹುಳ ಬಿಡಬೇಕಲ್ಲ? ಅತ್ತೆಯ ಕಡೆ ನೋಡದೆ ಒಂದೇ ಉಸಿರಿಗೆ ಹೇಳಿಬಿಟ್ಟಳು: "ನಾನು ಬಲಕ್ಕೆ ತಿರುಗಿ ಮಲಗ್ತಿದ್ದೆ ಡಾಕ್ಟ್ರೇ. ಅತ್ತೆ ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಅದಕ್ಕೇ ಹೀಗಾಯ್ತಾ?"

ಡಾಕ್ಟರಮ್ಮ ನಗಲಿಲ್ಲ. ಹಿಡಿಯನ್ನು ಒರೆಸಿ ಅದರ ಜಾಗದಲ್ಲಿಟ್ಟರು.

"ಬಸುರಿ ಅಂತ ನಿಮಗೆ ಸರಿಯಾಗಿ ಗೊತ್ತಾಗೋ ಹೊತ್ತಿಗೆ ಇದೆಲ್ಲ ತೀರ್ಮಾನ ಆಗಿಹೋಗಿರುತ್ತೆ. ಆಗ ಮಗು ಸಾಸಿವೆ ಕಾಳಿನಷ್ಟಿರುತ್ತೆ, ಬರೀ ಜೀವಕೋಶಗಳು. ಅದರಲ್ಲಿ ಕೆಲವಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಇರ್ತವೆ. ಅವು ಗಿರಗಿರ ತಿರುಗಿ ಸುತ್ತಲಿನ ನೀರನ್ನ ಒಂದು ಕಡೆ ತಳ್ತವೆ. ಆ ಕಡೆ ಇರೋ ಜೀವಕೋಶಗಳು ಇದೇ ಎಡ ಅಂತ ತಿಳ್ಕೊಂಡು ಪಕ್ಕದವಕ್ಕೆ ಸುದ್ದಿ ಮುಟ್ಟಿಸ್ತವೆ, ಅವು ತಮ್ಮ ಪಕ್ಕದವಕ್ಕೆ. ನಿಮ್ಮ ಮಗೂಲಿ ಸುದ್ದಿ ಇನ್ನೊಂದು ಕಡೆಯಿಂದ ಹೊರಟಿದೆ. ಆದ್ರೆ ಎಲ್ಲಕ್ಕೂ ಒಂದೇ ಸುದ್ದಿ ತಲುಪಿದೆ, ಎಲ್ಲವೂ ಅದನ್ನೇ ನಂಬಿ ಕೆಲಸ ಮಾಡಿವೆ. ನೀವು ಹೇಗೆ ಮಲಗಿದ್ರಿ ಅಂತ ಯಾವುದೂ ಕೇಳೇ ಇಲ್ಲ."

ಅವಳು ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. "ಬಟ್ಟೆನ ಮಗುಚಿ ಹಾಸಿ ಕತ್ತರಿಸಿದ ಹಾಗೆ" ಎಂದಳು. "ಎಲ್ಲಾ ತುಂಡೂ ಉಲ್ಟಾ ಬರುತ್ತೆ. ಹೊಲಿದ್ರೆ ಜೇಬು ಬಲಕ್ಕೆ ಹೋಗುತ್ತೆ, ಆದ್ರೂ ಅಂಗಿ ಅಂಗೀನೇ. ಒಂದೇ ಒಂದು ತುಂಡು ಉಲ್ಟಾ ಬಂದಾಗ್ಲೇ ಮೇಸ್ತ್ರಿ ಬೈಯೋದು."

"ಹಾಗೇ ಅಂದ್ಕೊಳ್ಳಿ. ಇಲ್ಲಿ ಮೇಸ್ತ್ರಿ ಬೈಯಲ್ಲ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

"ಹಾಗಾದ್ರೆ ಇಷ್ಟು ದಿನ ನನ್ನ ಮುಂದೆ ಎಡಕ್ಕೆ ತಿರುಗಿ ನಾಟಕ ಆಡ್ತಿದ್ದೆ ಅನ್ನು" ಎಂದರು ಅತ್ತೆ. ಬೈಗುಳವೇ, ಆದರೆ ದನಿಯಲ್ಲಿ ಎಂದಿನ ಜೋರಿರಲಿಲ್ಲ. ಅವರು ಡಾಕ್ಟರತ್ತ ತಿರುಗಿದರು. "ಇದು ವಂಶದಲ್ಲಿ ಬರುತ್ತಾ ಡಾಕ್ಟ್ರೇ?"

"ಕೆಲವು ಮನೆಗಳಲ್ಲಿ ಬರೋದುಂಟು."

ಅತ್ತೆ ತಟ್ಟನೆ ಎದ್ದು ಬಂದು ಎದೆ ಮುಂದೆ ಮಾಡಿ ನಿಂತರು. "ನಂದೂ ನೋಡಿಬಿಡಿ. ನಂದೂ ಆ ಕಡೇನೇ ಇದ್ರೆ ನಾಳೆ ಯಾವ ನೆಂಟರೂ ಇವಳ ತಲೆ ಮೇಲೆ ಗೂಬೆ ಕೂರಿಸೋ ಹಾಗಿಲ್ಲ."

ಡಾಕ್ಟರಮ್ಮ ನಗುತ್ತಲೇ ಸ್ಟೆತಸ್ಕೋಪ್ ಕಿವಿಗೆ ಸಿಕ್ಕಿಸಿಕೊಂಡು ಅದರ ಬಿಲ್ಲೆಯನ್ನು ಬಲಕ್ಕಿಟ್ಟರು, ಆಮೇಲೆ ಎಡಕ್ಕೆ. ನಗು ನಿಂತಿತು.

"ಎಡಗಡೇನೇ ಇದೆ ಅಮ್ಮಾ. ಆದ್ರೆ ಯಾಕೆ ಹೀಗೆ ಓಡ್ತಿದೆ? ಮೆಟ್ಟಿಲು ಹತ್ತಿ ಬಂದ್ರಾ?"

"ಆಗಿಂದ ಇಲ್ಲೇ ಕೂತಿದ್ದೀನಲ್ಲ" ಎಂದ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಡಾಕ್ಟರಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಬಿಲ್ಲೆಯನ್ನು ಅತ್ತೆಯ ಎದೆಯ ಮೇಲೇ ಹಿಡಿದು ಸ್ಟೆತಸ್ಕೋಪನ್ನು ತಮ್ಮ ಕಿವಿಯಿಂದ ತೆಗೆದು ಸೊಸೆಯ ಕಿವಿಗಿಟ್ಟರು. ಅವಳು ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುವುದನ್ನೂ ಮರೆತು ಎದ್ದು ಕೂತಳು. ಒಳಗೆ ಢವಢವ ಢವಢವ, ಒಂದರ ಮೇಲೊಂದು ಬಿದ್ದು ಓಡುತ್ತಿತ್ತು. ವಾರವೆಲ್ಲ ನಗುನಗುತ್ತ, ಊಟ ಮಾಡೇ ಎಂದು ಗದರುತ್ತ ಓಡಾಡಿಕೊಂಡಿದ್ದ ಹೆಂಗಸಿನ ಎದೆ ಇದು. ಇವರು ತನಗಿಂತ ಹೆಚ್ಚು ಹೆದರಿದ್ದರಲ್ಲ!

ಅತ್ತೆ ಏನೋ ಅಂದರು. ಸಾಕು ಬಿಡೇ ಎಂದಿರಬೇಕು. ತುಟಿ ಅಲುಗಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಅವಳು ಒಂದು ಕೈಯಲ್ಲಿ ಬಿಲ್ಲೆಯನ್ನು ಹಾಗೇ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡಳು. ಬಡಿತ ಸ್ವಲ್ಪ ಸ್ವಲ್ಪವೇ ನಿಧಾನವಾಗುತ್ತ ಬಂತು. ಅದು ಪೂರ್ತಿ ಹದಕ್ಕೆ ಬರುವವರೆಗೂ ಅವಳು ಬಿಡಲಿಲ್ಲ.